ಖಂಡೆಪ್ಪ ತೆಗೆದ ಸಾಹೇಬರ ಫೋಟೋ

“ನನ್ನ ಫೋಟೋದಾಗ ಇಲ್ಲೀತನಕ ಒಬ್ಬರೂ ಅಳ್ಳಾಡಿಲ್ಲರಿ, ಒಬ್ಬರೂ ಕಣ್ಣ ಮುಚ್ಚಿಲ್ಲ. ನಿಮ್ಮ ಪುಣೇದಾಗ ಇಂಥಾ ಒಬ್ಬ ಫೋಟೋಗ್ರಾಫರನ ತೋರಸ್ರಿ, ನಾ ಈ ಕ್ಯಾಮೆರಾ ಒಯ್ದು ಭೀಮಾ ಹೊಳಿಗೆ ಒಗದು ಬರ್ತೇನಿ.”

ಬಿಜಾಪುರದ ಕಡೆಯ ಇಂಡಿ ಊರಿನ ಕುಸುಬಿ ಎಣ್ಣೆ ಕಂಪನಿಯ ಹೆಡ್ ಕ್ಲಾರ್ಕ್ ಖಂಡೆಪ್ಪ ಹೊರ್ತಿ ಈ ಮಾತು ಹೇಳಿದ್ದು ಎಪ್ಪತ್ತನಾಲ್ಕನೆಯ ಇಸವಿಯ ಶ್ರಾವಣದಲ್ಲಿ, ತನ್ನ ಮ್ಯಾನೇಜರರ ಮೇಜಿನ ಮುಂದೆ ನಿಂತು. ಹೇಳುವಾಗ ಅವನ ಎದೆ ಎಷ್ಟು ಉಬ್ಬಿತ್ತೆಂದರೆ ಅಂಗಿಯ ಗುಂಡಿಯೊಂದು ಕಿತ್ತು ಹಾರಿ ಮಸಿಯ ದೌತಿಯೊಳಗೆ ಬಿತ್ತು ಎಂದು ಆಫೀಸಿನವರು ಹೇಳುತ್ತಾರೆ. ಆ ಗುಂಡಿ ಮೊದಲೇ ಸಡಿಲಾಗಿತ್ತು ಎಂದು ಅವನ ಹೆಂಡತಿ ಹೊನ್ನವ್ವ ಹೇಳುತ್ತಾಳೆ. ಇಬ್ಬರ ಮಾತನ್ನೂ ಅರ್ಧರ್ಧ ನಂಬಿದರೆ ಸರಿಹೋಗುತ್ತದೆ.

ಮ್ಯಾನೇಜರು ವಾಮನರಾವ್ ಪಂಢರಪೂರಕರ ಪುಣೆಯಿಂದ ಹೊಸದಾಗಿ ಬಂದವರು. ಅವರ ಪ್ಯಾಂಟಿನ ಇಸ್ತ್ರಿಯ ಗೆರೆಯ ಮೇಲೆ ಇಂಡಿಯ ಲಿಂಬೆಹಣ್ಣು ಇಟ್ಟರೆ ತಾನಾಗಿ ಎರಡು ಹೋಳಾಗಿ ಬೀಳುತ್ತಿತ್ತು. ಅಷ್ಟು ಶಿಸ್ತಿನ ಮನುಷ್ಯ. ಪುಣೆಯ ದೊಡ್ಡ ಕಂಪನಿಗಳಲ್ಲಿ ನೌಕರರಿಗಾಗಿ ಹವ್ಯಾಸಿ ಫೋಟೋ ಸ್ಪರ್ಧೆ ನಡೆಸುತ್ತಾರೆಂದೂ, ಅದರಿಂದ ನೌಕರರ ಮನಸ್ಸು ಅರಳುತ್ತದೆಂದೂ, ಅರಳಿದ ಮನಸ್ಸಿನವರು ಹೆಚ್ಚು ಎಣ್ಣೆ ತೆಗೆಯುತ್ತಾರೆಂದೂ ಅವರು ನಂಬಿದ್ದರು. ಗೆದ್ದ ಫೋಟೋ ಕಂಪನಿಯ ಹೊಸ ವರ್ಷದ ಕ್ಯಾಲೆಂಡರಿಗೆ, ಗೆದ್ದವನ ಮನೆಗೆ ಒಂದು ಗೋಡೆ ಗಡಿಯಾರ. ಇದನ್ನು ನಡೆಸುವುದಕ್ಕೆ ಕ್ಯಾಮೆರಾ ಬಲ್ಲವರು ಇಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದಕ್ಕೆ ಖಂಡೆಪ್ಪ ಕೊಟ್ಟ ಉತ್ತರ ಮೇಲಿನದು.

ಅವನು ಅಷ್ಟು ದೊಡ್ಡ ಬಡಾಯಿ ಕೊಚ್ಚಿಕೊಳ್ಳಲು ಕಾರಣವಿತ್ತು. ಮಿಲ್ಲು ಇಂಡಿಯಲ್ಲಿದ್ದರೂ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಕಂಪನಿಯ ವಖಾರಿಗಳಿದ್ದವು. ಕುಸುಬಿ, ಶೇಂಗಾ ಖರೀದಿಸಿ ಇಡುವ ಜಾಗ. ಮುದ್ದೇಬಿಹಾಳದ ವಖಾರಿ ನೋಡಿಕೊಳ್ಳುತ್ತಿದ್ದ ಶಂಕರೆಪ್ಪ ದೀಪಾವಳಿಗೆ ನಿವೃತ್ತರಾಗುವವರಿದ್ದರು. ಅವರ ಕುರ್ಚಿಗೆ ಇಂಡಿಯ ಆಫೀಸಿನಿಂದ ಒಬ್ಬರು ಹೋಗಬೇಕು. ಇಂಡಿಯಲ್ಲಿ ಇದ್ದೂ ಇಲ್ಲದಂತಿರುವವರು ಯಾರು ಎಂದು ಸಾಹೇಬರು ಒಂದು ವಾರದಿಂದ ಕನ್ನಡಕದ ಮೇಲಿಂದ ನೋಡುತ್ತಿದ್ದರು. ಆ ನೋಟ ದಿನವೂ ಖಂಡೆಪ್ಪನ ಹತ್ತಿರ ಬಂದು ಸ್ವಲ್ಪ ಹೊತ್ತು ಕೂತು ದಣಿವಾರಿಸಿಕೊಂಡು ಹೋಗುತ್ತಿತ್ತು.

ಸುದ್ದಿ ಕೇಳಿದ ದಿನವೇ ಹೊನ್ನವ್ವ ತೀರ್ಪು ಕೊಟ್ಟಿದ್ದಳು. “ನೀವು ಹೋಗ್ರಿ. ನನ್ನ ಎಮ್ಮಿ ಬಸ್ ಹತ್ತಂಗಿಲ್ಲ. ಎಮ್ಮಿ ಬಿಟ್ಟು ನಾ ಹತ್ತಂಗಿಲ್ಲ.”

“ನನ್ನ ಬಿಟ್ಟು ಇರ್ತಿ, ಎಮ್ಮಿ ಬಿಟ್ಟು ಇರಂಗಿಲ್ಲ?”

“ಎಮ್ಮಿ ಹಾಲು ಕೊಡತೈತಿ.”

ಹೊನ್ನವ್ವನ ಕೈಯ ರೊಟ್ಟಿಯಿಲ್ಲದೆ ಬದುಕುವ ವಿದ್ಯೆ ಖಂಡೆಪ್ಪನಿಗೆ ಬರುತ್ತಿರಲಿಲ್ಲ. ಒಮ್ಮೆ ಅವಳು ತವರೂರಾದ ಆಲಮೇಲಕ್ಕೆ ಹೋದಾಗ ಸ್ಟೋವ್ ಹಚ್ಚಲು ಹೋಗಿ ಎಡಗಡೆಯ ಮೀಸೆ ಸುಟ್ಟುಕೊಂಡಿದ್ದ. ಅದು ಮತ್ತೆ ಬೆಳೆಯಿತಾದರೂ ಬಲಗಡೆಯದರ ಜೊತೆ ಮೊದಲಿನ ಸ್ನೇಹ ಉಳಿಸಿಕೊಳ್ಳಲಿಲ್ಲ. ಅವಳು ತಿರುಗಿ ಬರುವ ಹೊತ್ತಿಗೆ ಅವನು ಒಣ ಅವಲಕ್ಕಿ ತಿಂದು ತಿಂದು ಎಷ್ಟು ಇಳಿದಿದ್ದನೆಂದರೆ, ಗಾಳಿ ಬಂದಾಗ ಅಂಗಿ ಒಂದು ದಿಕ್ಕಿಗೆ, ಅವನು ಒಂದು ದಿಕ್ಕಿಗೆ ಹೋಗುತ್ತಿದ್ದನಂತೆ. ಮುದ್ದೇಬಿಹಾಳವೆಂದರೆ ಅವನ ಪಾಲಿಗೆ ಊರಲ್ಲ, ಒಂದು ಸ್ಟೋವ್.

ಸಾಹೇಬರು ಅವನ ಬಡಾಯಿ ಕೇಳಿ ತಲೆದೂಗಿದರು. “ಬರೋಬ್ಬರಿ. ಸ್ಪರ್ಧಾ ನೀವೇ ನಡಸ್ರಿ, ಹೊರ್ತಿಯವರ. ಛಂದ ಆತು ಅಂದ್ರ ಮುದ್ದೇಬಿಹಾಳಕ್ಕ ಬ್ಯಾರೆ ಯಾರನ್ನರ ನೋಡೋಣ. ಆಗಲಿಲ್ಲ ಅಂದ್ರ ಹಾಸಿಗಿ ಕಟ್ರಿ.”

ಕ್ಯಾಮೆರಾ ಅಂದರೆ ಖಂಡೆಪ್ಪನ ಮಾವ ಮದುವೆಯಲ್ಲಿ ಕೈಗಡಿಯಾರದ ಬದಲು ಕೊಟ್ಟ ಕಪ್ಪು ಡಬ್ಬಿ. ನಾಲ್ಕೂ ಊರಿನ ನೌಕರರಲ್ಲಿ ಬೇರೆ ಯಾರ ಹತ್ತಿರವೂ ಕ್ಯಾಮೆರಾ ಇಲ್ಲದ್ದರಿಂದ, ಅದೊಂದೇ ಬಸ್ಸಿನಲ್ಲಿ ಊರೂರು ತಿರುಗಬೇಕು, ಪ್ರತಿಯೊಬ್ಬ ನೌಕರನೂ ಅದನ್ನು ಹಿಡಿದು ‘ನಮ್ಮ ದುಡಿಮೆ’ ಎಂಬ ವಿಷಯದ ಮೇಲೆ ಒಂದು ಫೋಟೋ ತಾನೇ ತೆಗೆಯಬೇಕು ಎಂದು ನಿಯಮವಾಯಿತು. ನಿಯಮವನ್ನು ಖಂಡೆಪ್ಪನೇ ದುಂಡನೆಯ ಅಕ್ಷರದಲ್ಲಿ ಬರೆದು ಎಲ್ಲ ವಖಾರಿಗಳ ಬಾಗಿಲಿಗೆ ಅಂಟಿಸಿದ. ಜನ ಅದನ್ನು ಭಕ್ತಿಯಿಂದ ಓದಿದರು. ಓದಿ, ಎಲ್ಲರೂ ಅಗಸನ ಮನೆಗೆ ಬಟ್ಟೆ ಹಾಕಿದರು.

ಅದು ಮೊದಲ ಅಪಶಕುನ. ಫೋಟೋ ತೆಗೆಯುವವನಿಗೆ ಇಸ್ತ್ರಿಯ ಅಂಗಿ ಯಾಕೆ ಎಂದು ಖಂಡೆಪ್ಪನಿಗೆ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ.

ಕ್ಯಾಮೆರಾವನ್ನು ಬಾಣಂತಿ ಕೂಸನ್ನು ಒಯ್ಯುವಂತೆ ತೊಡೆಯ ಮೇಲಿಟ್ಟುಕೊಂಡು ಅವನು ಮೊದಲು ಸಿಂದಗಿಗೆ ಹೋದ. ಅಲ್ಲಿ ಹಮಾಲರ ಮುಖ್ಯಸ್ಥ ರಾಚಪ್ಪ ಹಳದಿ ರುಮಾಲು ಸುತ್ತಿ, ಮೀಸೆಗೆ ಎಣ್ಣೆ ಹಚ್ಚಿ, ಶೇಂಗಾ ಚೀಲಗಳ ಮುಂದೆ ಕಂಬದಂತೆ ನಿಂತಿದ್ದ.

“ರಾಚಪ್ಪಾ, ಇಕಾ ಹಿಡಿ. ಇಲ್ಲಿ ಇಣಕಿ ನೋಡಿ, ಇದನ್ನ ಒತ್ತು.”

“ನಾ ಒತ್ತಿದ್ರ ಫೋಟೋದಾಗ ನಾ ಹೆಂಗ ಬರ್ತೇನ್ರಿ?”

“ನೀ ಬರೂದು ಬ್ಯಾಡೋ. ತೆಗದಾವ ನೀ ಅಂತ ಹೆಸರು ಬರತೈತಿ.”

“ಮಾರಿ ಇಲ್ಲದ ಹೆಸರು ತಗೊಂಡು ನಾ ಏನ್ ಮಾಡ್ಲಿರಿ? ಹಜಾಮತಿ ಮಾಡಿಸ್ಕೊಳ್ಳಾವ ಕತ್ತೀನೂ ತಾನ ಹಿಡೀಬೇಕೇನು?”

“ಸ್ಪರ್ಧಾ ಇರೂದು ತೆಗಿಯಾವಂದು. ನಿಂದರಾವಂದಲ್ಲ.”

ರಾಚಪ್ಪ ತನ್ನ ಹಿಂದಿದ್ದ ಹಮಾಲರತ್ತ ತಿರುಗಿದ. “ಕೇಳ್ರೆಪ್ಪಾ. ಕುಸ್ತಿಯೊಳಗ ಬೆಳ್ಳಿ ಕಡಗ ಯಾರಿಗೆ ಹಾಕ್ತಾರ? ಹಿಡದಾವಗೋ, ಸೀಟಿ ಊದಿದಾವಗೋ?”

ಇಡೀ ವಖಾರಿ ರಾಚಪ್ಪನ ಕಡೆಯಾಯಿತು. ಆ ಸೀಮೆಯಲ್ಲಿ ಫೋಟೋ ಎಂದರೆ ಫೋಟೋದಲ್ಲಿ ಕಾಣುವವನದು. ಹಿಂದೆ ನಿಂತು ಗುಂಡಿ ಒತ್ತಿದವನು ಯಾರು ಎಂದು ಗೋಡೆಯ ಮೇಲಿನ ಯಾವ ಫೋಟೋ ನೋಡಿಯೂ ಯಾರೂ ಕೇಳಿದ್ದಿಲ್ಲ. ಮದುವೆಯಲ್ಲಿ ಮದುಮಗನನ್ನು ಬಿಟ್ಟು ಪೆಂಡಾಲು ಹಾಕಿದವನಿಗೆ ಬಾಸಿಂಗ ಕಟ್ಟಿದ ಹಾಗಾಯಿತಲ್ಲ ನಿಮ್ಮ ನಿಯಮ ಎಂದು ಹಮಾಲರು ನಕ್ಕರು. ಕೊನೆಗೆ ಬಸ್ಸಿನ ಹೊತ್ತಾಯಿತು. ಒತ್ತುವ ಬೆರಳು ಯಾರದಾದರೇನು ಎಂದುಕೊಂಡು ಖಂಡೆಪ್ಪ ತಾನೇ ಒತ್ತಿದ. ಒಬ್ಬನದಾದ ಮೇಲೆ ಎಲ್ಲರದೂ ಅವನೇ ಒತ್ತಬೇಕಾಯಿತು.

ಬಸವನ ಬಾಗೇವಾಡಿಯಲ್ಲಿ ವಾದವೇ ಆಗಲಿಲ್ಲ, ಸುದ್ದಿ ಅವನಿಗಿಂತ ಮುಂಚಿನ ಬಸ್ಸಿನಲ್ಲಿ ಬಂದು ಕೂತಿತ್ತು. ಅಲ್ಲಿಯವರು ಗೊಳಸಂಗಿಯ ಅಳಿಯನೊಬ್ಬನ ಮದುವೆಯ ಕೋಟು ತರಿಸಿಟ್ಟುಕೊಂಡಿದ್ದರು. ಒಂದೇ ಕೋಟು ವಖಾರಿಯ ಎಲ್ಲರ ಮೈಮೇಲೂ ಏರಿ ಇಳಿಯಿತು. ತೆಳ್ಳಗಿನವನಿಗೆ ಹಿಂದೆ ಪಿನ್ನು ಚುಚ್ಚಿದರು. ದಪ್ಪಗಿನವನಿಗೆ ಹಿಂದಿನ ಹೊಲಿಗೆ ಬಿಚ್ಚಿದರು. ಬರೀ ಮುಂದಿನಿಂದ ನೋಡಿದರೆ ಆ ದಿನ ಬಾಗೇವಾಡಿಯ ಹಮಾಲರೆಲ್ಲ ವಕೀಲರಾಗಿದ್ದರು.

ಮುದ್ದೇಬಿಹಾಳದಲ್ಲಿ ಶಂಕರೆಪ್ಪ ತಕ್ಕಡಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಸಾವಕಾಶದ, ಗಂಭೀರದ ಮನುಷ್ಯ. ನಕ್ಕರೆ ಕಂಪನಿಗೆ ನಷ್ಟ ಎಂದು ಮೂವತ್ತು ವರ್ಷ ನಗು ತಡೆದುಕೊಂಡವರು. ಕೆಲಸ ಮುಗಿದ ಮೇಲೆ ಖಂಡೆಪ್ಪನನ್ನು ವಖಾರಿಯ ಹಿಂದಿನ ಕೋಣೆಗೆ ಕರೆದೊಯ್ದು ತೋರಿಸಿದರು.

“ಮುಂದ ನೀವು ಬರ್ತೀರಿ ಅಂತ ಸುದ್ದಿ ಐತಿ. ಇಲ್ಲೇ ಇರೂದ್ರಿ. ಇದ ಜಮಖಾನಿ. ಇದ ಸ್ಟೋವ್. ಸ್ವಲ್ಪ ಭಗ್ ಅಂತೈತಿ, ಅಂಜಬ್ಯಾಡ್ರಿ.”

ಖಂಡೆಪ್ಪ ಸ್ಟೋವನ್ನು ನೋಡಿದ. ಕೈ ತಾನಾಗಿಯೇ ಎಡ ಮೀಸೆಗೆ ಹೋಯಿತು.

ಇಂಡಿಗೆ ತಿರುಗಿ ಬಂದು ಮಿಲ್ಲಿನವರ ಫೋಟೋ ಮುಗಿಸಿ, ಕೊನೆಯ ರೋಲಿನಲ್ಲಿ ಉಳಿದಿದ್ದ ಒಂದು ಫೋಟೋದ ಜಾಗವನ್ನು ಸಾಹೇಬರಿಗೇ ಮೀಸಲಿಟ್ಟ. ಸ್ಪರ್ಧೆ ಹೇಗಾದರೂ ಆಗಲಿ, ಸಾಹೇಬರ ದೊಡ್ಡ ಫೋಟೋ ನಾಲ್ಕೂ ಕಡೆ ಗೋಡೆಗೆ ತೂಗಿದರೆ ತನ್ನನ್ನು ಇಂಡಿಯಿಂದ ಯಾರು ಅಳ್ಳಾಡಿಸುತ್ತಾರೆ ಎಂದು ಅವನ ಲೆಕ್ಕ. ಸಾಹೇಬರನ್ನು ಮಿಲ್ಲಿನ ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದ.

“ಸಹಜ ಬರಬೇಕು ನೋಡ್ರಿ, ಹೊರ್ತಿಯವರ. ನಾ ವಿಚಾರ ಮಾಡ್ಲಿಕ್ಕೆ ಹತ್ತೇನಿ ಅನ್ನೂಹಂಗ.”

“ನೀವು ವಿಚಾರ ಮಾಡ್ರಿ. ನಾ ಒತ್ತತೇನಿ.”

ಆ ಡಬ್ಬಿ ಕ್ಯಾಮೆರಾದ ಕಟ್ಟಳೆಯೇನೆಂದರೆ, ಸೂರ್ಯ ತೆಗೆಯುವವನ ಬೆನ್ನಿಗಿರಬೇಕು, ಕೂತವನ ಮುಖಕ್ಕೆ ಹೊಡೆಯಬೇಕು. ಬೇರೆ ಸೀಮೆಯ ಸೂರ್ಯನಾದರೆ ಇದು ನಡೆದೀತು. ನಮ್ಮ ಸೂರ್ಯ ಹಾಗಲ್ಲ. ಅವನ ಕೆಳಗೆ ಕೋಳಿಗಳು ಕುದಿಸಿದ ತತ್ತಿಯನ್ನೇ ಇಡುತ್ತವೆ, ಹೊಲದಲ್ಲಿ ಜೋಳ ತೆನೆಯಲ್ಲೇ ಅರಳಾಗುತ್ತದೆ. ಖಂಡೆಪ್ಪ “ಹೂಂ, ಅಳ್ಳಾಡಬ್ಯಾಡ್ರಿ” ಎಂದು ಗುಂಡಿ ಒತ್ತಿದ ಕೂಡಲೆ ಸಿಂದಗಿಯಿಂದ ಇಂಡಿಯವರೆಗೆ ಎಲ್ಲರೂ ಒಂದೇ ರೀತಿ ಕಣ್ಣು ಮುಚ್ಚಿದ್ದರು. ಸಾಹೇಬರೂ ಮುಚ್ಚಿದರು. ಅವರು ವಿಚಾರ ಮಾಡುತ್ತಿದ್ದುದರಿಂದ ಮುಖದಲ್ಲಿ ಒಂದು ದೊಡ್ಡ ಶಾಂತಿಯೂ ಇತ್ತು.

ಇದು ಖಂಡೆಪ್ಪನಿಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತು. ಆದರೆ ಕಣ್ಣು ಮುಚ್ಚುವುದನ್ನು ಅವನು ಯಾವತ್ತೂ ದೋಷವೆಂದು ತಿಳಿದವನಲ್ಲ. ಈಗ ಅವನ ಬಡಾಯಿಯ ಒಳಗುಟ್ಟು ಹೇಳಿಬಿಡುವುದು ಒಳ್ಳೆಯದು.

ಅವನು ಸುಳ್ಳು ಹೇಳಿರಲಿಲ್ಲ. ಅವನ ಫೋಟೋದಲ್ಲಿ ನಿಜವಾಗಿಯೂ ಯಾರೂ ಅಳ್ಳಾಡಿರಲಿಲ್ಲ. ಯಾಕೆಂದರೆ ಅವರೆಲ್ಲ ತೀರಿಕೊಂಡವರಾಗಿದ್ದರು.

ನಮ್ಮ ಕಡೆಯ ಲಿಂಗಾಯತ ಮನೆಗಳಲ್ಲಿ ಹಿರಿಯರು ಲಿಂಗೈಕ್ಯರಾದರೆ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವೇರಿಸಿ, ಮಣ್ಣಿಗೆ ಹೊರಡುವ ಮುಂಚೆ ಒಂದು ಫೋಟೋ ತೆಗೆಸುವುದು ರೂಢಿ. ಬದುಕಿದ್ದಾಗ ತೆಗೆಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಇಂಡಿಯಲ್ಲಿ ಅಂಥ ಹೊತ್ತಿನಲ್ಲಿ ಡಬ್ಬಿ ಹಿಡಿದು ಓಡುತ್ತಿದ್ದವನು ಖಂಡೆಪ್ಪ. ರೋಲು ಬಿಜಾಪುರದ ಗೈಬುಸಾಬನ ಸ್ಟುಡಿಯೋಕ್ಕೆ ಹೋಗುತ್ತಿತ್ತು. ಗೈಬುಸಾಬ ಅದನ್ನು ತೊಳೆದು, ಸಣ್ಣ ಕುಂಚದಿಂದ ಮುಚ್ಚಿದ ರೆಪ್ಪೆಗಳ ಮೇಲೆ ತೆರೆದ ಕಣ್ಣು ಬರೆದು, ಕೆಳಗೊಂದು ಕಮಲ, ಎರಡೂ ಪಕ್ಕ ದೀಪ ಬರೆದು, ಹೆಸರಿನ ಹಿಂದೆ ‘ಲಿಂಗೈಕ್ಯ’ ಎಂದು ಸೇರಿಸಿ ಕಳಿಸುತ್ತಿದ್ದ. ಬ್ರಾಹ್ಮಣರಾದರೆ ‘ವೈಕುಂಠವಾಸಿ’. ಅವನಿಗೆ ಬರೆಯಲು ಬರುತ್ತಿದ್ದುದು ಒಂದೇ ಜೋಡಿ ಕಣ್ಣು. ದೊಡ್ಡವು, ಕಾಡಿಗೆ ಹಚ್ಚಿದಂಥವು, ಕಂಪನಿ ನಾಟಕದ ನಾಯಕಿಗೆ ಒಪ್ಪುವಂಥವು. ಇಂಡಿ ತಾಲೂಕಿನ ಅರ್ಧ ಪಡಸಾಲೆಗಳಲ್ಲಿ ಗೌಡರೂ, ಅವರ ಮೇಲೆ ಕೋರ್ಟಿಗೆ ಹೋಗಿ ಸತ್ತವರೂ, ಎಲ್ಲರ ಅಜ್ಜಿಯರೂ ಒಂದೇ ಕಣ್ಣಿನಿಂದ ಮೊಮ್ಮಕ್ಕಳನ್ನು ನೋಡುತ್ತಿದ್ದರು.

ಹೀಗಾಗಿ ಕಣ್ಣಿನ ಕೆಲಸ ಗೈಬುಸಾಬನದು ಎಂಬುದು ಖಂಡೆಪ್ಪನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ಬಿಜಾಪುರದ ಬಸ್ಸಿನ ಕಂಡಕ್ಟರ್ ಅಪ್ಪಾಸಾಬನ ಕೈಗೆ ರೋಲುಗಳನ್ನೂ ಹೆಸರಿನ ಚೀಟಿಯನ್ನೂ ಕೊಟ್ಟು ಹೇಳಿದ:

“ಗೈಬುಸಾಬಗ ಹೇಳು, ಯಾವಾಗಿನಂಗ ಮಾಡು ಅಂತ. ಸಾಹೇಬರದು ಮಾತ್ರ ದೊಡ್ಡವು ನಾಕು ಮಾಡಿ, ಮೂರೂ ವಖಾರಿಗೆ ಒಂದೊಂದು ಬಸ್ಸಿಗೆ ಹಾಕಲಿ. ಉಳದದ್ದು ಇಂಡಿಗೆ ಬರಲಿ.”

ಯಾವಾಗಿನಂಗ. ಈ ಒಂದು ಮಾತಿನಿಂದ ಎಷ್ಟು ಜನ ಸತ್ತರೆಂಬುದಕ್ಕೆ ಯುದ್ಧದ ಚರಿತ್ರೆಯಲ್ಲೂ ಹೋಲಿಕೆ ಸಿಕ್ಕಲಿಕ್ಕಿಲ್ಲ.

ಗೈಬುಸಾಬ ರೋಲು ತೊಳೆದು ಬೆಳಕಿಗೆ ಎತ್ತಿ ಹಿಡಿದು ನೋಡಿದನಂತೆ. ಒಂದೇ ಕಂಪನಿಯವರು, ಸಾಲಾಗಿ, ಎಲ್ಲರದೂ ಕಣ್ಣು ಮುಚ್ಚಿದೆ. ತಲೆಯ ಟೊಪ್ಪಿಗೆ ತೆಗೆದು ಕೂತ. “ಪಾಪ, ಮಿಲ್ಲಿನ ಬಾಯ್ಲರ್ ಒಡದಿರಬೇಕು” ಎಂದ. ಸಾಹೇಬರೊಬ್ಬರನ್ನು ಬಿಟ್ಟು ಎಲ್ಲರೂ ನಿಂತೇ ಇದ್ದುದು ಅವನಿಗೆ ಸ್ವಲ್ಪ ಸೋಜಿಗವೆನಿಸಿತು. ಕಂಪನಿಯವರು, ಸತ್ತ ಮೇಲೂ ಕೂರಲು ಬಿಟ್ಟಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡ. ಒಂದರಲ್ಲಿ ಮಾತ್ರ ಮೂಗು ತುರಿಸಿಕೊಂಡು ಮುಖ ಕಲಸಿಹೋಗಿತ್ತು. ಅದು ಬಾಯ್ಲರ್ ನೋಡಿಕೊಳ್ಳುವ ಮೈಬೂಬನದು. “ಇಂವ ಅಳ್ಳಾಡ್ಯಾನ, ಜೀವಂತ ಅದಾನ. ಎಲ್ಲಾರ್ಕಿಂತ ಮೊದಲ ಇಂವನ ಓಡಿರಬೇಕು” ಎಂದು ಅದನ್ನು ಬದಿಗಿಟ್ಟು, ಉಳಿದವರಿಗೆಲ್ಲ ಕಣ್ಣು ಬರೆಯಲು ಕುಳಿತ. ಕುಂಚದ ಕೂದಲು ಸವೆದು ಕೊನೆಗೆ ಒಂದೇ ಉಳಿಯಿತು. ಸಾಹೇಬರದು ಆ ಒಂದು ಕೂದಲಿನಿಂದ ಬರೆದದ್ದು. ಅದಕ್ಕೇ ಅಷ್ಟು ನಾಜೂಕಾಗಿ ಬಂತು. ಅದರ ಪ್ರತಿಗಳನ್ನು ಮೂರೂ ವಖಾರಿಗಳ ಬಸ್ಸಿಗೆ ಒಂದು ದಿನ ಮುಂಚೆಯೇ ಹಾಕಿ, ಉಳಿದ ಕಟ್ಟನ್ನು ಮರುದಿನ ಇಂಡಿಗೆ ಕಳಿಸಿದ.

ಫಲಿತಾಂಶದ ದಿನ ದೀಪಾವಳಿಯ ಲಕ್ಷ್ಮೀಪೂಜೆಯ ಮುಂಚಿನ ದಿನ. ಮಿಲ್ಲಿನ ಅಂಗಳದಲ್ಲಿ ಪೆಂಡಾಲು ಹಾಕಿಸಿ, ಬೆಳಗಿನ ಬಸ್ಸಿಗೆ ಬಂದ ಕಟ್ಟನ್ನು ಬಿಚ್ಚದೆ ಹಾಗೇ ಹಿಡಿದುಕೊಂಡು ಖಂಡೆಪ್ಪ ಸಾಹೇಬರ ಮನೆಗೆ ಹೋದ. ಸಾಹೇಬರ ಕೈಯಿಂದಲೇ ಬಿಚ್ಚಿಸಬೇಕೆಂಬ ಆಸೆ. ಸಾಹೇಬರು ಚಹಾ ಕುಡಿಯುತ್ತಿದ್ದರು. ಅಷ್ಟರಲ್ಲಿ ಪೋಸ್ಟಿನ ಬೀರಣ್ಣ ಟೊಪ್ಪಿಗೆ ಕೈಯಲ್ಲಿ ಹಿಡಿದು, ಅರ್ಧ ಓಣಿಯನ್ನು ಹಿಂದೆ ಕಟ್ಟಿಕೊಂಡು ಬಾಗಿಲಿಗೆ ಬಂದ. ಇಂಡಿಯಲ್ಲಿ ತಾರಿನ, ಅಂದರೆ ಟೆಲಿಗ್ರಾಮಿನ, ಒಕ್ಕಣೆ ವಿಳಾಸದಾರನಿಗೆ ಮುಟ್ಟುವುದು ಎಲ್ಲರಿಗಿಂತ ಕೊನೆಗೆ.

“ಮನ್ಯಾಗ ಗಂಡಸ್ರು ಯಾರಾರ ಅದಾರೇನ್ರಿ?” ಎಂದು ಬೀರಣ್ಣ ಸಾಹೇಬರನ್ನೇ ಕೇಳಿದ.

“ನಾನು ಯಾರಂಗ ಕಾಣಸ್ತೇನಿ?”

“ನಿಮ್ಮನ್ನ ಬಿಟ್ಟು ಕೇಳಿದೆನ್ರಿ.”

ತಾರು ಸಾಹೇಬರ ಹೆಂಡತಿ ಜಾನಕಿಬಾಯಿಯವರ ಹೆಸರಿಗಿತ್ತು. ಅವರು ಸೆರಗಿಗೆ ಕೈ ಒರೆಸಿಕೊಂಡು ಬಂದು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಗಂಡನನ್ನು ನೋಡಿದರು.

“ಮುದ್ದೇಬಿಹಾಳದ ಶಂಕರೆಪ್ಪನವರು ಕೊಟ್ಟಾರ. ಸಾಹೇಬರು ಹೋದ ಸುದ್ದಿ ತಿಳದು ದುಃಖ ಆತು, ವಖಾರಿ ಬಾಗಲಾ ಹಾಕೇವಿ ಅಂತ ಬರದದ. ನೀವು ಯಾವಾಗ ಹೋದ್ರಿ? ಈ ಚಹಾ ಕುಡದು ಹೋದ್ರೋ, ಕುಡೀಲಾರದ ಹೋದ್ರೋ?”

ಸಾಹೇಬರು ಕಪ್ಪು ಇಟ್ಟು ಖಂಡೆಪ್ಪನ ಕೈಯ ಕಟ್ಟನ್ನು ಕಿತ್ತುಕೊಂಡರು. ಎಲ್ಲಕ್ಕಿಂತ ಮೇಲೆ ಅವರದೇ ಫೋಟೋ ಇತ್ತು. ಕೆಳಗೆ ಅರಳಿದ ಕಮಲ. ಎಡಕ್ಕೂ ಬಲಕ್ಕೂ ದೀಪ. ನಡುವೆ ವೈಕುಂಠವಾಸಿ ವಾಮನರಾವ್ ಪಂಢರಪೂರಕರ, ಕಾಡಿಗೆ ಹಚ್ಚಿದ ಆನೆಯ ಗಾತ್ರದ ಕಣ್ಣುಗಳಿಂದ, ತಮ್ಮನ್ನೇ ತಾವು ಕರುಣೆಯಿಂದ ನೋಡುತ್ತಿದ್ದರು.

ಜಾನಕಿಬಾಯಿ ಬಗ್ಗಿ ನೋಡಿ, “ಕಣ್ಣು ಮಾತ್ರ ಛಂದ ಬಂದಾವ. ಲಗ್ನದಾಗ ನಿಮಗ ಇಂಥಾ ಕಣ್ಣು ಇರಲಿಲ್ಲ” ಎಂದರು.

ಖಂಡೆಪ್ಪ ಗಂಟಲು ಸರಿಮಾಡಿಕೊಂಡ. “ಹೋದ ಸುದ್ದಿ ಸುಳ್ಳಾದ್ರ ಆಯುಷ್ಯ ಹೆಚ್ಚತೈತಂತ್ರಿ.”

“ನಿಮ್ಮದು ಕಡಿಮಿ ಆಗ್ಲಿಕ್ಕೆ ಹತ್ತದ” ಎಂದರು ಸಾಹೇಬರು. ತಾವು ಬದುಕಿರುವುದಾಗಿ ತಮ್ಮ ಹೆಸರಿನಲ್ಲೇ ಮೂರೂ ವಖಾರಿಗೆ ಜರೂರು ತಾರು ಕೊಡಲು ಬೀರಣ್ಣನಿಗೆ ಹೇಳಿ, ಚಪ್ಪಲಿ ಮೆಟ್ಟಿ ಮಿಲ್ಲಿಗೆ ನಡೆದರು. ಖಂಡೆಪ್ಪ ಕಟ್ಟು ಹೊತ್ತು ಹಿಂದೆ ನಡೆದ. ಓಣಿಯವರೂ ಹಿಂದೆ ನಡೆದರು. ಮೆರವಣಿಗೆ ಯಾವ ಬಗೆಯದು ಎಂದು ದಾರಿಯಲ್ಲಿ ನಿಂತವರಿಗೆ ತಿಳಿಯಲಿಲ್ಲ, ಯಾಕೆಂದರೆ ಹೋದವರೇ ಎಲ್ಲರಿಗಿಂತ ಮುಂದೆ ಬಿರುಸಾಗಿ ನಡೆಯುತ್ತಿದ್ದರು.

ಮಿಲ್ಲಿನ ಅಂಗಳದಲ್ಲಿ ಸಿಂದಗಿಯ ಲಾರಿ ಬಂದು ನಿಂತಿತ್ತು. ರಾಚಪ್ಪ ತನ್ನ ಹಮಾಲರನ್ನೂ, ಒಂದು ಭಜನಾ ಮೇಳವನ್ನೂ, ಎತ್ತಿನ ಕೊರಳಿಗೂ ದೊಡ್ಡದಾಗುವ ಹಾರವನ್ನೂ ತಂದಿದ್ದ. ಬಾಗೇವಾಡಿಯವರು ಬಸ್ಸಿನಿಂದ ಇಳಿದಿದ್ದರು, ದುಃಖಕ್ಕಾಗಿ ಆ ಕೋಟನ್ನೂ ತಂದಿದ್ದರು. ಸಾಹೇಬರು ನಡೆದು ಬರುವುದನ್ನು ನೋಡಿ ಭಜನೆಯವರು ತಾಳವನ್ನು ಅರ್ಧಕ್ಕೇ ಹಿಡಿದರು.

ರಾಚಪ್ಪ ಹಾರ ಹಿಡಿದು ಮುಂದೆ ಬಂದ. “ಅಷ್ಟು ದೂರದಿಂದ ತಂದೇವ್ರಿ. ನಿಮಗ ಹಾಕ್ಲೋ, ನಿಮ್ಮ ಫೋಟೋಕ್ಕ ಹಾಕ್ಲೋ?”

ಪೆಂಡಾಲಿನಲ್ಲಿ ಹಗ್ಗ ಕಟ್ಟಿ ತಯಾರಾಗಿದ್ದ ಮಿಲ್ಲಿನವರು ಅಷ್ಟರಲ್ಲಿ ಖಂಡೆಪ್ಪನ ಕೈಯ ಕಟ್ಟು ಇಸಿದುಕೊಂಡು ಫೋಟೋಗಳನ್ನೆಲ್ಲ ತೂಗುಹಾಕಿಬಿಟ್ಟಿದ್ದರು. ಈಗ ಕಲ್ಲು ಬೀಳುತ್ತವೆ ಎಂದುಕೊಂಡು ಖಂಡೆಪ್ಪ ಎಣ್ಣೆಯ ಪೀಪಾಯಿಯ ಹಿಂದೆ ಸರಿದ. ಬದುಕಿರುವ ಇಷ್ಟು ಜನರ ಹೆಸರಿನ ಹಿಂದೆ ಲಿಂಗೈಕ್ಯ ಎಂದಿದೆ, ಯಾರು ಬಿಟ್ಟಾರು.

ಕಲ್ಲು ಬೀಳಲಿಲ್ಲ. ಶೇಂಗಾ ಹಸನು ಮಾಡುವ ಗುರವ್ವ ತನ್ನ ಫೋಟೋದ ಮುಂದೆ ನಿಂತು ಕಮಲವನ್ನೂ ದೀಪಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. “ಹುಟ್ಟಿದಾಗಿಂದ ನನ್ನ ಮುಂದ ಯಾರೂ ದೀಪ ಹಚ್ಚಿರಲಿಲ್ಲ ನೋಡವಾ” ಎಂದು ಪಕ್ಕದವಳಿಗೆ ಹೇಳಿದಳು. ಹೇಳಿ ಕಣ್ಣೊರೆಸಿಕೊಂಡಳು. ರಾಚಪ್ಪ ತನ್ನದನ್ನು ಹಗ್ಗದಿಂದ ಬಿಚ್ಚಿ ಎದೆಗವಚಿಕೊಂಡ. “ನನ್ನ ಹಿಂದ ಮಕ್ಕಳು ಮಾಡಸ್ತಾರೋ ಇಲ್ಲೋ ಅಂತ ಒಂದು ಚಿಂತಿ ಇತ್ತು. ಕಂಪನಿ ಮುಂಚೇನ ಮಾಡಿಸಿ ಕೊಡ್ತು.” ಮುನಿಸಿಕೊಂಡವನು ಒಬ್ಬನೇ, ಮೈಬೂಬ. “ಎಲ್ಲಾರಿಗೂ ದೀಪ, ಹೂವು. ನನಗ ಬರೇ ಮೂಗು. ದುಡಿಮಿ ನಾ ಏನ್ ಕಡಿಮಿ ಮಾಡೇನಿ?”

ಇನ್ನು ಬಹುಮಾನದ ಮಾತು. ನೆರೆದವರೆಲ್ಲ ಹಗ್ಗದ ಉದ್ದಕ್ಕೂ ಹೋಗಿ ಬಂದು ಪಂಚರಂತೆ ಕೂತು ಮಾತಾಡಿದರು. ಫೋಟೋ ಯಾರದು ಚೆನ್ನಾಗಿ ಬಂದಿದೆಯೋ ಅವರಿಗೆ ಗಡಿಯಾರ, ಅದರಲ್ಲಿ ಅನುಮಾನವೇ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡದು ಯಾವುದು, ಶಾಂತಿಯಿಂದ ಕೂತವರು ಯಾರು, ಕಣ್ಣು ಯಾರವು ನಾಜೂಕಾಗಿವೆ? ರಾಚಪ್ಪ ಎದ್ದು ಎಲ್ಲರ ಪರವಾಗಿ ಹೇಳಿದ: “ಪಕ್ಷಪಾತ ಇಲ್ಲರಿ. ಸಾಹೇಬ್ರದ ಫಸ್ಟ್ ನಂಬರ್.”

ಚಪ್ಪಾಳೆ ಬಿತ್ತು. ಭಜನೆಯವರು ಉಳಿದ ಅರ್ಧ ತಾಳ ಮುಗಿಸಿದರು. ಹಾರವನ್ನು ಎರಡೂ ಕಡೆ ಸಮನಾಗಲಿ ಎಂದು ಒಂದಿಷ್ಟು ಹೊತ್ತು ಸಾಹೇಬರಿಗೂ, ಒಂದಿಷ್ಟು ಹೊತ್ತು ಫೋಟೋಕ್ಕೂ ಹಾಕಿದರು. ಪುಣೆಯಲ್ಲಿ ಇಂಥ ಸ್ಪರ್ಧೆಗಳನ್ನು ನೂರಾರು ನೋಡಿದ್ದ ಸಾಹೇಬರು, ತಾವೇ ತಂದ ಗಡಿಯಾರವನ್ನು ತಾವೇ ಬಗಲಲ್ಲಿಟ್ಟುಕೊಂಡು ಆಫೀಸಿನ ಒಳಗೆ ಹೋದರು.

ಹೋದವರು ಖಂಡೆಪ್ಪನನ್ನು ಕರೆಸಿದರು. ಬಾಗಿಲು ಹಾಕಿಸಿದರು.

“ಸ್ಪರ್ಧಾ ನೌಕರರದು. ಒಬ್ಬ ನೌಕರ ಒಂದ ಫೋಟೋ ತೆಗದಾನೇನು? ಎಲ್ಲಾ ನೀವ ಒತ್ತೀರಿ. ಗೆದ್ದಾವ ನಾನು. ಅದೂ ಸತ್ತು ಗೆದ್ದೆ. ಕ್ಯಾಲೆಂಡರಿಗೆ ಇದನ್ನ ಹಾಕಿದ್ರ ಜನ ತಿಥಿ ನೋಡ್ಲಿಕ್ಕೆ ನನ್ನ ತಿಥಿನೇ ನೋಡ್ತಾರ.” ಅವರು ಮೊದಲೇ ಟೈಪು ಮಾಡಿಸಿಟ್ಟಿದ್ದ ಕಾಗದವನ್ನು ಎಳೆದುಕೊಂಡರು. “ಮುದ್ದೇಬಿಹಾಳ. ಹಬ್ಬದ ಮರುದಿನ ಹಾಜರಾಗ್ಬೇಕು.”

ಪೆನ್ನಿನ ಮುಚ್ಚಳ ತೆಗೆದರು. ಖಂಡೆಪ್ಪನ ಕಣ್ಣ ಮುಂದೆ ಜಮಖಾನೆ ಬಂತು, ಭಗ್ಗೆನ್ನುವ ಸ್ಟೋವ್ ಬಂತು, ಹೊನ್ನವ್ವ ಎಮ್ಮೆಯ ಮೈ ತಿಕ್ಕುತ್ತ ತನ್ನನ್ನು ಮರೆತುಬಿಡುವುದೂ ಬಂತು. ಬೇಡಿಕೊಳ್ಳಲು ಬಾಯಿ ತೆರೆದ.

ಆಗ ಬಾಗಿಲು ತಟ್ಟಿ ಬೀರಣ್ಣ ಒಳಗೆ ಬಂದ. ಕೈಯಲ್ಲಿ ಇನ್ನೊಂದು ತಾರು. “ಮನಿಗೆ ಒಯ್ದಿದ್ದೆನ್ರಿ. ಬಾಯಾರು, ಇದನ್ನ ಅವ್ರಿಗೇ ಕೊಟ್ಟು ಬಾ ಅಂದ್ರು. ನಗಾಕತ್ತಾರ.”

ಸಾಹೇಬರು ಬೆಳಿಗ್ಗೆ ಮುದ್ದೇಬಿಹಾಳಕ್ಕೆ ಕೊಟ್ಟ ತಾರಿಗೆ ಶಂಕರೆಪ್ಪನವರ ಜವಾಬು ಅದು, ಜಾನಕಿಬಾಯಿಯವರ ಹೆಸರಿಗೇ ಬಂದಿತ್ತು. ಸಾಹೇಬರು ಓದಿ, ಮೇಜಿನ ಮೇಲೆ ಬಿಟ್ಟರು. ಖಂಡೆಪ್ಪ ನಿಂತಲ್ಲಿಂದಲೇ ತಲೆಕೆಳಗಾಗಿ ಓದಿಕೊಂಡ. ‘ತೀರಿಕೊಂಡ ಸಾಹೇಬರ ಹೆಸರಿನಿಂದ ನಮಗೆ ತಾರು ಬಂದಿದೆ. ಜೀವಕ್ಕೆ ಏನೋ ಆಸೆ ಉಳಿದಿರಬೇಕು. ದಯವಿಟ್ಟು ಶಾಂತಿ ಮಾಡಿಸಿ.’

ಪೆನ್ನು ಕಾಗದದ ಮೇಲೆ ಗೇಣು ಎತ್ತರದಲ್ಲೇ ನಿಂತಿತು. ಅಲ್ಲಿಂದ ಅದು ಕೆಳಗೆ ಇಳಿಯಲೇ ಇಲ್ಲ, ಆ ಆರ್ಡರಿಗೆ ಕೊನೆಗೂ ಸಹಿ ಬೀಳಲಿಲ್ಲ. ಬೀಳದಂತೆ ಮಾಡಿದ್ದು ಆಗ ಖಂಡೆಪ್ಪ ಕೈಕಟ್ಟಿ, ಬಹಳ ನಮ್ರತೆಯಿಂದ ಹೇಳಿದ ಮಾತು:

“ನಾ ಹೋಗ್ತೇನ್ರಿ ಸಾಹೇಬ್ರ, ಒಲ್ಲೆ ಅನ್ನಂಗಿಲ್ಲ. ಖರೆ ಅಂದ್ರ ಆ ಕಾಗದಕ್ಕ ಬ್ಯಾರೆ ಯಾರದಾರ ಸಹಿ ಹಾಕಸ್ರಿ. ನಿಮ್ಮ ತಾರು ನೋಡೇ ಶಾಂತಿ ಮಾಡಸ್ರಿ ಅಂದವರು, ನಿಮ್ಮ ಸಹಿ ತಗೊಂಡು ನಾ ಹ್ವಾದ್ರ ನನ್ನ ಕುರ್ಚಿ ಮ್ಯಾಗ ಕುಂದ್ರಸಂಗಿಲ್ಲರಿ, ದೆವ್ವ ಮೆಟ್ಟೈತಿ ಅಂತ ಬೇವಿನ ತಪ್ಪಲಾ ತಗೊಂಡು ಬಡೀತಾರ.”